ಯಾರ ಪಾಡೋ ಅವರ ಮುಂದೆ ಕೂತು ಹಾಡಿ

ಈ ಸಲ ಬಂದಿರೋ ಪತ್ರಗಳಲ್ಲಿ ಹಾಡು ಕಟ್ಟೋರ ಪ್ರಶ್ನೆಗಳೇ ಜಾಸ್ತಿ ಇದ್ವು, ಅದರಲ್ಲೂ ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯವೇ, ಹಂಗಾಗಿ ಬೇರೆದನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಕೊಂಡು ಇವಕ್ಕೇ ಜಾಗ ಕೊಟ್ಟಿದ್ದೀನಿ. ಯಾರ ಹೆಸರೂ ಹಾಕಿಲ್ಲ, ತಾಲೂಕು ಮಾತ್ರ ಇದೆ.

ಪ್ರಶ್ನೆ: ಅಕ್ಕ, ನಮ್ದು ಶಿರಾ ತಾಲೂಕಿನ ಒಂದು ಗೊಲ್ಲರಹಟ್ಟಿ, ಕಾಡುಗೊಲ್ಲರು ಇರೋ ಹಟ್ಟಿ, ನಾನು ತುಮಕೂರಲ್ಲಿ ಬಿ.ಎಡ್ ಮಾಡ್ತಿದ್ದೀನಿ. ನಮ್ಮ ಹಟ್ಟೀಲಿ ಇವತ್ತಿಗೂ ಹೊರಗಾದ್ರೆ ಬೇಲಿ ಆಚೆ ಗುಡ್ಲಲ್ಲಿ ಕೂರಬೇಕು, ಹೆತ್ತೋರೂ ಕೂಸು ಸಮೇತ ಅಲ್ಲೇ. ನಮ್ಮಕ್ಕ ಹೋದ ಮಳೆಗಾಲದಲ್ಲಿ ಹಂಗೇ ಇದ್ಲು, ಅದೇ ವಾರ ಈದಿದ್ದ ಕುರಿ ಮರಿನ ಮನೆ ಒಳಗೆ ಮಂಕರಿ ಬುಟ್ಟಿ ಕೆಳಗೆ ಬೆಚ್ಚಗೆ ಇಟ್ಟಿದ್ರು. ಇದರ ಮೇಲೆ ಒಂದು ಹಾಡು ಬರೆದು ಕಾಲೇಜ್ ಫಂಕ್ಷನ್ನಲ್ಲಿ, ಆಮೇಲೆ ನಮ್ಮ ಹಟ್ಟೀಲೂ ಹಾಡಬೇಕು ಅಂತ ಆಸೆ. ಬರೆದಿದ್ದೀನಿ ನೋಡಿ, "ಮೌಢ್ಯದ ಕತ್ತಲೆ ಓಡಿಸೋಣ ಬನ್ನಿ, ವಿಜ್ಞಾನದ ಬೆಳಕ ಹಚ್ಚೋಣ ಬನ್ನಿ" ಅಂತ ಶುರುವಾಗುತ್ತೆ. ಫ್ರೆಂಡ್ಸ್ ಎಲ್ಲ ಸೂಪರ್ ಅಂದ್ರು. ಆದ್ರೆ ನಮ್ಮಜ್ಜಿನೇ ಹಟ್ಟೀಲಿ ದೊಡ್ಡ ಸೋಬಾನೆ ಪದಗಾತಿ, ಅಕ್ಕನ್ನ ಹೊರಗೆ ಕೂರಿಸಿದ್ದೂ ಅಜ್ಜಿನೇ. ಅಜ್ಜಿ ಮುಂದೆ ಇದನ್ನ ಹೆಂಗೆ ಹಾಡ್ಲಿ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲೇ ಹಾಡು ಇದೆ, ನೀವು ಬರೆದಿರೋ ಹಾಡಲ್ಲಿ ಅದು ಇಲ್ಲ. ಆ ಮಂಕರಿ ಕೆಳಗಿನ ಮರಿ ವಿಷಯ ಓದಿ ನಾನು ಸುಮಾರು ಹೊತ್ತು ಮುಂದಿನ ಪತ್ರ ತೆಗೀಲೇ ಇಲ್ಲ. ಮೌಢ್ಯ, ವಿಜ್ಞಾನ, ಬನ್ನಿ ಓಡಿಸೋಣ ಅನ್ನೋದೆಲ್ಲ 90ರ ದಶಕದಲ್ಲಿ ಸಾಕ್ಷರತಾ ಆಂದೋಲನದ ಹಾಡು ನಾಟಕದ ತಂಡಗಳು, ಕಲಾಜಾಥಾಗಳು, ಊರೂರು ಸುತ್ತಿದ ಕಾಲದಿಂದ ವೇದಿಕೆ ಮೇಲಿಂದ ಕೆಳಗೆ ಕೂತೋರಿಗೆ ಹೇಳ್ತಾ ಬಂದಿರೋ ಮಾತು, ಆಗ ಅದು ಒಂದಷ್ಟು ಕೆಲಸ ಮಾಡ್ತು, ನಾನೂ ಹಾಡಿದ್ದೀನಿ, ಆದ್ರೆ ನಿಮ್ಮಜ್ಜಿ ಎದುರು ಹಂಗೆ ಹಾಡಿದ್ರೆ ಮೊದಲನೇ ಸಾಲಿಗೇ "ನಮ್ಮನ್ನ ಕತ್ತಲಲ್ಲಿ ಇರೋರು ಅಂತವಳೆ" ಅಂದ್ಕೊಂಡು ಎದ್ದು ಹೋಗ್ತಾರೆ, ಹೋಗೋದು ಸರಿನೂ ಹೌದು. ಕುರಿ ಮರಿಗೆ ಒಳಗೆ ಜಾಗ ಇತ್ತು, ಕೂಸಿಗೆ ಇರ್ಲಿಲ್ಲ ಅಂತ ಹಾಡಿದ್ರೆ ಅಜ್ಜಿ ಎದ್ದು ಹೋಗೋಕೆ ಆಗಲ್ಲ, ಯಾಕಂದ್ರೆ ಆ ಮಂಕರಿ ಮುಚ್ಚಿದ್ದು ಅವರ ಕೈನೇ ಇರಬಹುದು.

ನಿಮ್ಮ ಮಾತನ್ನೇ ಇಟ್ಕೊಂಡು ನಾಕು ಸಾಲು ಹಾಕಿದ್ದೀನಿ, ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ಕೆಡವಿ ನಿಮ್ಮದೇ ಕಟ್ಟಿ:

ಈದ ಕುರಿಗೆ ರೊಪ್ಪ ಐತೆ ಸುವ್ವಿ
ಹೆತ್ತ ಮಗಳಿಗೆ ಬಯಲೇನಮ್ಮ ಸುವ್ವಿ
ಮರಿಯ ಮ್ಯಾಲೆ ಮಂಕರಿ ಐತೆ ಸುವ್ವಿ
ಕೂಸಿನ ಮ್ಯಾಲೆ ಮುಗಿಲೇನಮ್ಮ ಸುವ್ವಿ

ಸುವ್ವಿ ಅಂತ ಹಾಕಿರೋದು ಚೆಂದಕ್ಕಲ್ಲ. ಸೋಬಾನೆಲಿ ಒಬ್ಬರು ಸಾಲು ಎತ್ತಿಕೊಡ್ತಾರೆ, ಉಳಿದೋರು ಸೊಲ್ಲು ಹಿಡೀತಾರೆ ಅಲ್ವಾ, ನೀವು ಸಾಲು ಹೇಳಿದ ಮೇಲೆ ಹಟ್ಟಿ ಹೆಂಗಸರು ಸುವ್ವಿ ಅಂತ ಸೊಲ್ಲು ಹಿಡಿದ್ರು ಅಂದ್ರೆ ಆ ಪ್ರಶ್ನೆ ನೀವೊಬ್ಬರೇ ಕೇಳಿದಂಗಾಗಲ್ಲ, ಎಲ್ಲರೂ ಸೇರಿ ಕೇಳಿದಂಗಾಗುತ್ತೆ. ಕೀಬೋರ್ಡು, ಟ್ರ್ಯಾಕು ಯಾವುದೂ ಬೇಡ. ಕಾಡುಗೊಲ್ಲರಿಗೆ ಹಾಡು ಹೊರಗಿಂದ ಯಾರೂ ಕಲಿಸಬೇಕಾಗಿಲ್ಲ, ಗಣೆ ಅನ್ನೋ ಉದ್ದ ಕೊಳಲು ಊದಿ ತಮ್ಮ ದೇವರು ಜುಂಜಪ್ಪನ ಕತೆನ ರಾತ್ರಿಯೆಲ್ಲ ಹಾಡೋ ಜನ ಅವರು, ಪಕ್ಕದ ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಶಾಲೆ ಮೆಟ್ಟಿಲು ಹತ್ತದೇನೇ ಸಾವಿರಾರು ಪದ ನೆನಪಲ್ಲಿ ಇಟ್ಕೊಂಡಿದ್ರು. ನಿಮ್ಮ ಮನೇಲೇ ಅಂಥ ಒಬ್ಬರು ಇದ್ದಾರೆ. ಮೊದಲು ಕಾಲೇಜ್ ಫಂಕ್ಷನ್ ಬಿಡಿ, ಅಜ್ಜಿ ಹತ್ರ ಹೋಗಿ.

ಹೋಗಿ ಹಾಡು ತೋರಿಸಬೇಡಿ, ಕೇಳಿ. ನೀನು ನಮ್ಮಪ್ಪನ್ನ ಹೆತ್ತಾಗ ಎಲ್ಲಿದ್ದೆ, ಮಳೆ ಬಂದಿತ್ತಾ, ರಾತ್ರಿ ನರಿ ನಾಯಿ ಬಂದ್ರೆ ಏನ್ ಮಾಡ್ತಿದ್ದೆ, ಊಟ ಯಾರು ತಂದಿಡೋರು, ಹಾಲು ಬಂತಾ ಅಂತ ಕೇಳಿ, ಒಂದೇ ದಿನ ಎಲ್ಲ ಕೇಳಬೇಡಿ. ಅಜ್ಜಿ ಅಕ್ಕನ್ನ ಹೊರಗೆ ಕೂರಿಸಿದ್ದು ದ್ವೇಷಕ್ಕಲ್ಲ, ಒಳಗೆ ಕರ್ಕೊಂಡ್ರೆ ದೇವರು ಮುನಿದು ಮನೆಗೇ ಕೇಡಾಗುತ್ತೆ ಅನ್ನೋ ಭಯಕ್ಕೆ, ಆ ಭಯ ಸುಳ್ಳಲ್ಲ ಅವರ ಪಾಲಿಗೆ. ಅಜ್ಜಿನೂ ಅದೇ ಗುಡ್ಲಲ್ಲಿ ಮಲಗೆದ್ದೋರು. ಹಾಡಲ್ಲಿ ಅಜ್ಜಿಗೆ ಬರೀ ಹೊರಗೆ ಹಾಕಿದೋಳು ಅನ್ನೋ ಪಾತ್ರ ಕೊಟ್ರೆ ಅರ್ಧ ಸತ್ಯ ಮಾತ್ರ ಹೇಳಿದಂಗೆ. ಅವರು ಹೇಳಿದ್ದರಲ್ಲಿ ಒಂದು ಸಾಲು ನಿಮ್ಮ ಹಾಡಿಗೆ ಬಂತು ಅಂದ್ರೆ, ಅಜ್ಜಿ ಒಪ್ಪಿ ಆ ಸಾಲನ್ನ ಅವರೇ ಹಾಡಿದ್ರು ಅಂದ್ರೆ, ಹಟ್ಟಿ ಯಜಮಾನರು ನಿಮ್ಮ ಬಾಯಿ ಮುಚ್ಚಿಸೋಷ್ಟು ಸುಲಭವಾಗಿ ಅವರ ಬಾಯಿ ಮುಚ್ಚಿಸೋಕೆ ಆಗಲ್ಲ. ಒಪ್ಪಲಿಲ್ಲ ಅಂದ್ರೆ ಅವರ ಕತೆ ಹಾಕಬೇಡಿ, ಅಕ್ಕನ ಕತೆಗೂ ಇದೇ ಮಾತು, ಅಕ್ಕ ಹೂಂ ಅನ್ನೋವರೆಗೂ ಅದು ನಿಮ್ಮ ಹಾಡಲ್ಲ. ನಾನು ಯಾವ ಹಾಡಿಗೂ ಇಡೋ ಪರೀಕ್ಷೆ ಇದೊಂದೇ: ಯಾರ ಪಾಡು ಹಾಡ್ತಿದ್ದೀವೋ ಅವರು ಮುಂದೇನೇ ಕೂತಿದ್ದಾರೆ ಅಂದ್ಕೊಂಡು ಹಾಡಿ ನೋಡಿ, ಯಾವ ಸಾಲಲ್ಲಿ ಅವರ ಮುಖ ನೋಡೋಕೆ ಆಗಲ್ವೋ ಆ ಸಾಲು ತೆಗೀರಿ.

ಇನ್ನು ಕಾಲೇಜ್ ವೇದಿಕೆ. ಅಲ್ಲಿ ಬೇರೆ ಅಪಾಯ ಇದೆ. ತುಮಕೂರು ಟೌನಿನೋರು ಕೂತ್ಕೊಂಡು ಅಯ್ಯೋ ಪಾಪ, ಈ ಹಟ್ಟಿ ಜನ ಇನ್ನೂ ಹಿಂಗೇನಾ ಅಂತ ಲೊಚಗುಟ್ಟಿ ಚಪ್ಪಾಳೆ ಹೊಡೆದು ಮನೆಗೆ ಹೋಗ್ತಾರೆ, ಮನೇಲಿ ಅದೇ ದಿನ ಮಗಳು ಹೊರಗಾಗಿದ್ರೆ ದೇವರ ಕೋಣೆಗೆ ಹೋಗಬೇಡ, ಉಪ್ಪಿನಕಾಯಿ ಭರಣಿ ಮುಟ್ಟಬೇಡ ಅಂತಾರೆ. ನಿಮ್ಮ ಜನಾನ ಅವರ ಮುಂದೆ ನಗೆಪಾಟಲು ಮಾಡೋಕೆ ನಿಮ್ಮ ದನಿ ಕೊಡಬೇಡಿ. ಟೌನಲ್ಲಿ ಹಾಡುವಾಗ ಈ ಎರಡು ಸಾಲು ಸೇರಿಸಿ:

ಹಟ್ಟಿ ಬೇಲಿ ಕಣ್ಣಿಗೆ ಬಿತ್ತು ಸುವ್ವಿ
ಪ್ಯಾಟೆ ಹೊಸಿಲು ಕಾಣಲಿಲ್ವೇನಮ್ಮ ಸುವ್ವಿ

ಆ ಹೊತ್ತಿಗೆ ಮುಂದಿನ ಸಾಲಲ್ಲಿ ಕೂತಿರೋ ಮೇಡಂಗಳು ಸರ್‌ಗಳು ಒಬ್ಬರ ಮುಖ ಒಬ್ಬರು ನೋಡ್ಕೋತಾರೆ, ನೋಡ್ಕೊಳ್ಳಲಿ.

ಹಾಡಲ್ಲಿ ಹೇಳೋಕಾಗದೇ ಇರೋದನ್ನ ಹಾಡಿನ ಆಚೆ ಈಚೆ ಮಾತಲ್ಲಿ ಹೇಳಿ. 2023ರ ಜುಲೈನಲ್ಲಿ ತುಮಕೂರು ತಾಲೂಕಿನದೇ ಒಂದು ಗೊಲ್ಲರಹಟ್ಟೀಲಿ ಮಳೆ ಚಳಿ ಹೊತ್ತಲ್ಲಿ ಬಾಣಂತಿನ ಊರಾಚೆ ಗುಡ್ಲಲ್ಲಿ ಇಟ್ಟು ಹಸುಗೂಸು ತೀರ್ಕೊಳ್ತು, ಪೇಪರಲ್ಲೆಲ್ಲ ಬಂದಿತ್ತು. ಹುಟ್ಟಿದ ಕೂಸಿಗೆ ಮೈ ಶಾಖ ಹಿಡಿದಿಟ್ಟುಕೊಳ್ಳೋ ಶಕ್ತಿ ತುಂಬಾ ಕಮ್ಮಿ, ಒದ್ದೆ ಗಾಳಿ ಬಡಿದ್ರೆ ನಮ್ಮ ಕಣ್ಣ ಮುಂದೆನೇ ತಣ್ಣಗಾಗ್ತಾ ಹೋಗುತ್ತೆ, ಅದಕ್ಕೇ ಆಸ್ಪತ್ರೇಲಿ ತಾಯಿ ಎದೆಗೆ ಮೈಗೆ ಮೈ ತಾಗೋ ಹಂಗೆ ಹಾಕಿ ಮೇಲೆ ಬಟ್ಟೆ ಹೊದಿಸ್ತಾರೆ. ಇದನ್ನ ಆಶಾ ಕಾರ್ಯಕರ್ತೆ ಕೈಲಿ ಹೇಳಿಸಿ, ನೀವೇ ಹೇಳಿದ್ರೆ ಓದಿದ ಹುಡುಗಿ ಕೊಬ್ಬು ಅಂತಾರೆ. ಇನ್ನು ಕಾನೂನು, 2017ರ ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ 2020ರ ಜನವರಿಯಿಂದ ಜಾರಿಲಿದೆ, ಮುಟ್ಟಾದೋರನ್ನ ಗರ್ಭಿಣಿಯರನ್ನ ಬಲವಂತವಾಗಿ ಬೇರೆ ಇಡೋದು, ಊರೊಳಗೆ ಬರದಂಗೆ ತಡೆಯೋದು ಅದರ ಪಟ್ಟೀಲಿದೆ, ಒಂದು ವರ್ಷದಿಂದ ಏಳು ವರ್ಷದವರೆಗೆ ಜೈಲು. ನನ್ನ ಅಭಿಪ್ರಾಯ ಕೇಳೋದಾದ್ರೆ ಇದನ್ನ ಹಾಡೊಳಗೆ ತರಲೇಬೇಡಿ. ಜೈಲು ಅಂದ ಕೂಡ್ಲೇ ಸೊಲ್ಲು ಹಿಡಿದಿರೋ ಹೆಂಗಸರು ಸುಮ್ಮನಾಗಿಬಿಡ್ತಾರೆ, ಯಾಕಂದ್ರೆ ಜೈಲಿಗೆ ಹೋಗೋರು ಅವರ ಗಂಡ, ಅವರ ಅತ್ತೆ. ಕೆಲವು ಹಟ್ಟಿ ಹತ್ರ ಸರ್ಕಾರದೋರೇ ಹೆಂಗಸರು ಹೊರಗೆ ಕೂರೋಕೆ ಅಂತ ಭವನ ಕಟ್ಟಿಸಿದ್ದಾರೆ, ಗುಡ್ಲಿಗಿಂತ ಮೇಲು ಅನ್ನೋರೂ ಇದ್ದಾರೆ, ನನಗಂತೂ ಬೇಲಿ ಆಚೆಗೇ ಸಿಮೆಂಟ್ ಹಾಕಿ ಗಟ್ಟಿ ಮಾಡಿದಂಗೆ ಅನ್ಸುತ್ತೆ. ಇದೂ ಒಂದು ಚರಣಕ್ಕೆ ಆಗೋ ವಸ್ತು.

ಹಟ್ಟೀಲಿ ಮೊದಲ ಸಲ ಜಾತ್ರೆ ಟೈಮಲ್ಲಿ ಹಾಡೋಕೆ ಹೋಗಬೇಡಿ, ದೇವರ ಮುಂದೆ ಸವಾಲು ಹಾಕಿದಂಗೆ ಕಾಣುತ್ತೆ. ಸ್ತ್ರೀಶಕ್ತಿ ಸಂಘದ ಮೀಟಿಂಗು, ನಾಮಕರಣ, ಒಸಗೆ, ಇಂಥ ಕಡೆ ಹೆಂಗಸರಷ್ಟೇ ಇರೋ ಹೊತ್ತಲ್ಲಿ ಹಾಡಿ. ಅಲ್ಲಿ ಎರಡನೇ ಸಲಕ್ಕೆ ಯಾರಾದ್ರೂ "ಅದನ್ನ ಇನ್ನೊಂದ್ ಸಲ ಹೇಳೇ" ಅಂದ್ರೆ ಮುಂದಕ್ಕೆ ಹೋಗಿ. ವಿಡಿಯೋ ಮಾತ್ರ ಯಾರಿಗೂ ಮಾಡೋಕೆ ಬಿಡಬೇಡಿ, ಅಕ್ಕ ಇನ್ನೂ ಅದೇ ಹಟ್ಟೀಲಿ ಬದುಕಬೇಕು.

ಪ್ರಶ್ನೆ: ನಮ್ಮದು ಗುಬ್ಬಿ. ಕುಡಿತದ ಮೇಲೆ ಹಾಡು ಮಾಡಿ ಯೂಟ್ಯೂಬಿಗೆ ಹಾಕಿದ್ವಿ, ಫೇಮಸ್ ಸಿನಿಮಾ ಟ್ಯೂನಿಗೆ ನಮ್ಮ ಸಾಹಿತ್ಯ. ಕಾಪಿರೈಟ್ ಕ್ಲೇಮ್ ಬಂತು. ಸಮಾಜಸೇವೆಗೆ ಮಾಡಿದ್ದಕ್ಕೂ ಹಿಂಗಾ?

ಉತ್ತರ: ಹೌದು, ಟ್ಯೂನ್ ಹಾಕಿದೋರದ್ದು ಟ್ಯೂನು. ನಮ್ಮ ದೇಶದ ಕಾನೂನಲ್ಲಿ ಸಂಗೀತ ಮಾಡಿದೋರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತೆ, ಉದ್ದೇಶ ಒಳ್ಳೇದು ಅಂತ ಬಿಡಲ್ಲ. ಅದಕ್ಕಿಂತ ದೊಡ್ಡ ತೊಂದರೆ ಏನು ಅಂದ್ರೆ ಆ ಟ್ಯೂನ್ ಕೇಳಿದ ತಕ್ಷಣ ಜನಕ್ಕೆ ಹೀರೋ ಸ್ಟೆಪ್ಪು ನೆನಪಾಗುತ್ತೆ, ನಿಮ್ಮ ಸಾಹಿತ್ಯ ಕಿವಿಗೇ ಬೀಳಲ್ಲ. ನಿಮ್ಮೂರಲ್ಲೇ ಕೋಲಾಟದ ಪದ, ಭಜನೆ ಮಟ್ಟು, ರಾಗಿ ಬೀಸೋ ಪದ ಇರ್ತಾವೆ, ಹಳೇ ಜನಪದ ಮಟ್ಟಿಗೆ ಒಡೆಯರು ಯಾರೂ ಇಲ್ಲ, ಯಾರ ಹತ್ರ ಕಲಿತ್ರೋ ಅವರನ್ನ ಒಂದು ಮಾತು ಕೇಳಿ, ವಿಡಿಯೋ ಕೆಳಗೆ ಅವರ ಹೆಸರು ಹಾಕಿ, ಅಷ್ಟೇ.

ಪ್ರಶ್ನೆ: ಅಕ್ಕ ನಾನು ಕೆಜಿಎಫ್ ಹುಡುಗ, ರ‍್ಯಾಪ್ ಮಾಡ್ತೀನಿ. ನಮ್ಮ ಏರಿಯಾದಲ್ಲಿ ಕಕ್ಕಸು ಪಿಟ್ ಕ್ಲೀನ್ ಮಾಡೋಕೆ ಇಳಿದು ಸತ್ತೋರು ಇದ್ದಾರೆ, ನಮ್ಮ ಮಾವನೂ ಆ ಕೆಲಸ ಮಾಡಿದೋರು. ಅದರ ಮೇಲೆ ಹಾಡು ಮಾಡಬೇಕು. ಎರಡು ಡೌಟು. ಮನೇಲಿ ನಾವು ಮಾತಾಡೋದು ತಮಿಳು, ಕನ್ನಡ ಹಾಡಲ್ಲಿ ತಮಿಳು ಹಾಕಿದ್ರೆ ಜನ ಬೈತಾರಾ? ಇನ್ನೊಂದು, ಊರಿಗೆ ಕೆಟ್ಟ ಹೆಸರು ತರ್ತೀಯ, ಚಿನ್ನದ ಬಗ್ಗೆ ಮಾಡು ಅಂತಾರೆ ಫ್ರೆಂಡ್ಸು.

ಉತ್ತರ: ತಮ್ಮಾ, ಚಿನ್ನದ ಬಗ್ಗೆ ಮಾಡೋರು ಬೇಕಾದಷ್ಟು ಜನ ಇದ್ದಾರೆ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಆ ಗಣಿ ನಡೀತಿದ್ದ ಕಾಲದಲ್ಲೂ ಕಾರ್ಮಿಕರ ಲೈನ್ ಮನೆಗಳ ಕಕ್ಕಸು ಯಾರೋ ಕೈಯಲ್ಲೇ ಬಳೀತಿದ್ರು, ಅವರ ಹೆಸರು ಯಾವ ಚಿನ್ನದ ಕತೇಲೂ ಬರಲ್ಲ. ಊರಿಗೆ ಕೆಟ್ಟ ಹೆಸರು ಅನ್ನೋರಿಗೆ ಹೇಳಿ, ಅಂಥದ್ದೇ ಒಂದು ಮನೇಲಿ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಇದನ್ನೇ ದೇಶಕ್ಕೆಲ್ಲ ಕೂಗಿ ಹೇಳಿ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ತಗೊಂಡ್ರು, ಊರಿಗೆ ಅದಕ್ಕಿಂತ ಒಳ್ಳೇ ಹೆಸರು ಇನ್ನೇನು ಬೇಕು.

ತಮಿಳು ಹಾಕಿ, ಧೈರ್ಯವಾಗಿ ಹಾಕಿ. ಕೋಲಾರ ಜಿಲ್ಲೇಲಿ ಕನ್ನಡ, ತೆಲುಗು, ತಮಿಳು, ಉರ್ದು ಒಂದೇ ಬೀದೀಲಿ ಇರ್ತಾವೆ, ನಿಮ್ಮ ಮಾವನ ಮನೆ ಕತೆನ ಪುಸ್ತಕದ ಕನ್ನಡದಲ್ಲಿ ಹಾಡಿದ್ರೆ ನಿಮ್ಮ ಮಾವನಿಗೇ ಬೇರೆಯೋರ ಕತೆ ಅನ್ಸುತ್ತೆ. ಎಲ್ಲಿ ಹಾಕಬೇಕು ಅನ್ನೋದು ಮಾತ್ರ ಯೋಚಿಸಿ. ಕತೆ ಹೇಳೋದು ಕನ್ನಡದಲ್ಲಿ ಇರ್ಲಿ, ಮನೆಯೋರ ಬಾಯಿಂದ ಬರೋ ಮಾತು ತಮಿಳಲ್ಲಿ ಇರ್ಲಿ. ಮಗು "ಅಪ್ಪಾ, ವೀಟ್ಟುಕ್ಕು ವಾಪ್ಪಾ" (ಮನೆಗೆ ಬಾರಪ್ಪ) ಅಂತ ಕರೆಯೋದು ಹುಕ್ ಆಗಿ, ಅಂದ್ರೆ ಮತ್ತೆ ಮತ್ತೆ ಬರೋ ಸಾಲಾಗಿ ಬಂದ್ರೆ ತಮಿಳು ಬರದೇ ಇರೋ ಮಾಲೂರಿನೋರಿಗೂ ಅರ್ಥ ಆಗುತ್ತೆ.

ಹಾಡಿನ ಕಟ್ಟಡ ಹೆಂಗಿರಬೇಕು ಅಂತ ಆ ಸಾವು ಹೆಂಗಾಗುತ್ತೆ ಅನ್ನೋದೇ ಹೇಳುತ್ತೆ. ಮುಚ್ಚಿದ ಗುಂಡೀಲಿ ಮಲ ಕೊಳೆತು ಹೈಡ್ರೋಜನ್ ಸಲ್ಫೈಡು, ಮೀಥೇನು ತುಂಬಿರ್ತಾವೆ, ಆಕ್ಸಿಜನ್ ಇರಲ್ಲ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ ಬರುತ್ತೆ, ಜಾಸ್ತಿ ಆದ್ರೆ ಮೂಗಿಗೆ ವಾಸನೆ ಹಿಡಿಯೋ ಶಕ್ತಿನೇ ಹೋಗುತ್ತೆ, ಇಳಿದೋನು ವಾಸನೆ ಇಲ್ಲ ಅಂದ್ಕೊಂಡು ಇನ್ನೂ ಕೆಳಗೆ ಹೋಗ್ತಾನೆ, ಎರಡು ಉಸಿರಿಗೆ ಬಿದ್ದೋಗ್ತಾನೆ. ಮೇಲಿರೋನು ಏನಾಯ್ತೋ ಅಂತ ಎತ್ತೋಕೆ ಇಳೀತಾನೆ, ಅವನೂ ಬೀಳ್ತಾನೆ, ಅವನನ್ನ ಎತ್ತೋಕೆ ಇನ್ನೊಬ್ಬ. ಇಂಥ ಸುದ್ದೀಲಿ ಇಬ್ಬರು ಮೂವರು ಒಟ್ಟಿಗೆ ಸಾಯೋದು ಇದಕ್ಕೇನೇ, ಎರಡನೆಯೋನೂ ಮೂರನೆಯೋನೂ ಪ್ರೀತಿಗೆ ಸಾಯ್ತಾರೆ. ಮೂರು ಚರಣ ಮಾಡಿ, ಮೊದಲನೇದು ದೊಡ್ಡದು, ಎರಡನೇದು ಅದರ ಅರ್ಧ, ಮೂರನೇದು ಎರಡೇ ಸಾಲು, ಉಸಿರು ಕಟ್ಟಿಕೊಂಡು ಬಂದಂಗೆ, ಪ್ರತಿ ಸಲ ಹುಕ್ಕಿಗೆ ಬೀಟ್ ನಿಲ್ಲಿಸಿಬಿಡಿ, ಮಗು ದನಿ ಒಂದೇ ಇರ್ಲಿ. ರ‍್ಯಾಪ್‌ನಲ್ಲಿ ಫಾಸ್ಟಾಗಿ ಹೇಳೋ ಹುಚ್ಚು ಇರುತ್ತೆ, ಇಲ್ಲಿ ಬೇಡ, ಒಂದೊಂದು ಪದನೂ ಬೀದಿ ಕೊನೇಲಿರೋರಿಗೆ ತಿಳೀಬೇಕು.

ಕಾನೂನಿನ ವಿಷಯ ನಿಮ್ಮ ಹಾಡಿಗೆ ಹೊಂದುತ್ತೆ, ಮೇಲಿನ ತಂಗಿ ಹಾಡಿನ ಥರ ಅಲ್ಲ, ಯಾಕಂದ್ರೆ ಇಲ್ಲಿ ತಪ್ಪು ಮಾಡಿದೋರು ಮನೆಯೋರಲ್ಲ, ಇಳಿಸಿದೋರು. ಮಲ ಹೊರಿಸೋದನ್ನ ನಿಲ್ಲಿಸೋ ಮೊದಲನೇ ಕಾನೂನು 1993ರಲ್ಲಿ ಬಂತು, ಎರಡನೇದು 2013ರಲ್ಲಿ, ರಕ್ಷಣೆ ಇಲ್ಲದೇ ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನ ಇಳಿಸೋದೂ ಅಪರಾಧ ಅಂತ ಅದರಲ್ಲಿದೆ. 2014ರಲ್ಲಿ ಸುಪ್ರೀಂ ಕೋರ್ಟು 1993ರಿಂದ ಸತ್ತೋರ ಮನೆಗಳಿಗೆ ತಲಾ 10 ಲಕ್ಷ ಕೊಡಿ ಅಂತು, 2023ರ ಅಕ್ಟೋಬರಲ್ಲಿ ಅದನ್ನ 30 ಲಕ್ಷ ಮಾಡ್ತು. ಇಸವಿಗಳನ್ನ ಬೀಟ್ ಮೇಲೆ ಕೂರಿಸಿ, "ತೊಂಬತ್ಮೂರಲ್ಲಿ ಬ್ಯಾನು, ಇವತ್ತೂ ಇಳೀತಾನೆ" ಅನ್ನೋ ಥರ, ಕೇಳೋರಿಗೆ ಸಿಟ್ಟು ಬರಬೇಕು. ಆದ್ರೆ ಯಾವ ಮನೆ ಸಾವನ್ನೂ ಅವರನ್ನ ಕೇಳದೇ ಹಾಡಬೇಡಿ, ಪರಿಹಾರದ ಕೇಸು ನಡೀತಿದ್ರೆ ಲಾಯರ್ ಹತ್ರನೂ ಒಂದು ಮಾತು ಕೇಳಿ. ಸತ್ತೋರ ಫೋಟೋ ವಿಡಿಯೋಗೆ ಹಾಕೋದು, ಆ ಹೆಂಡತಿ ಅಳೋದನ್ನ ಝೂಮ್ ಮಾಡೋದು ಇವೆಲ್ಲ ನನಗೆ ಸುತರಾಂ ಸರಿ ಕಾಣಲ್ಲ. ಮಾವ ಇದ್ದಾರಲ್ಲ, ಅವರಿಗೆ ಮೊದಲು ಕೇಳಿಸಿ, ಹಗ್ಗ ಯಾವುದು, ಬಕೆಟ್ ಯಾವುದು, ಇಳಿಯೋಕೆ ಮುಂಚೆ ಯಾಕೆ ಕುಡೀತಾರೆ ಅನ್ನೋದೆಲ್ಲ ಅವರೇ ತಿದ್ದಿಕೊಡ್ತಾರೆ.

ವೇದಿಕೆ ಬೇಕು ಅಂದ್ರೆ ಕೋಲಾರದ ತೇರಹಳ್ಳಿ ಬೆಟ್ಟದ ಮೇಲಿನ ಆದಿಮ ಸಾಂಸ್ಕೃತಿಕ ಕೇಂದ್ರದೋರು ಹುಣ್ಣಿಮೆ ರಾತ್ರಿ ಹಾಡು, ನಾಟಕ ನಡೆಸಿಕೊಂಡು ಬಂದಿದ್ದಾರೆ, ಅಲ್ಲಿ ಹೋಗಿ ಮಾತಾಡಿ. ಅದಕ್ಕೆ ಮೊದಲು ನಿಮ್ಮ ಲೈನಲ್ಲೇ ಸಂಜೆ ಒಂದು ಸ್ಪೀಕರ್ ಇಟ್ಟು ಹಾಡಿ, ಪೊಲೀಸ್ ಸ್ಟೇಷನ್‌ಗೆ ಅರ್ಜಿ ಕೊಟ್ಟು ಪರ್ಮಿಷನ್ ತಗೊಳ್ಳಿ, ರಾತ್ರಿ 10 ಗಂಟೆ ಒಳಗೆ ಮುಗಿಸಿ, ಈ ಒಂದು ನೆಪಕ್ಕೆ ನಿಲ್ಲಿಸಿದ್ರು ಅಂತ ಆಗಬಾರದು.

ಪ್ರಶ್ನೆ: ಮೇಡಂ, ನಾನು ಬಾಗೇಪಲ್ಲಿ ತಾಲೂಕಲ್ಲಿ ಹೈಸ್ಕೂಲ್ ಟೀಚರ್. ನಮ್ಮ 9ನೇ ಕ್ಲಾಸ್ ಹುಡುಗಿಗೆ ಮದುವೆ ಮಾತುಕತೆ ನಡೀತಿದೆ ಅಂತ ಗೊತ್ತಾಯ್ತು. ಮುಂದಿನ ತಿಂಗಳು ವಾರ್ಷಿಕೋತ್ಸವ ಇದೆ, ಅವರಪ್ಪ ಅಮ್ಮನೂ ಬರ್ತಾರೆ, ಅವಳ ಕೈಲೇ ಬಾಲ್ಯವಿವಾಹದ ಮೇಲೆ ಒಂದು ಹಾಡು ಹಾಡಿಸಿದ್ರೆ ಮನಸ್ಸು ಕರಗಬಹುದು ಅಂತ ಪ್ಲಾನ್. ಸಾಹಿತ್ಯ ಬರೆದುಕೊಡ್ತೀರಾ?

ಉತ್ತರ: ಬರೆದುಕೊಡಲ್ಲ ಮೇಡಂ, ಬೇಜಾರು ಮಾಡ್ಕೋಬೇಡಿ. ಮುಂದಿನ ತಿಂಗಳವರೆಗೂ ಕಾಯೋ ವಿಷಯ ಅಲ್ಲ ಇದು. ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ನಿಮ್ಮ ಹೆಸರು ಹೊರಗೆ ಬರಬಾರದು ಅಂತ ಹೇಳಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ (ಸಿಡಿಪಿಓ) ತಿಳಿಸಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೇಲಿ ಮದುವೆಗೆ ಮೊದಲೇ ಕೋರ್ಟಿಂದ ತಡೆ ತರೋಕೆ ಅವಕಾಶ ಇದೆ, ನಮ್ಮ ರಾಜ್ಯದ ತಿದ್ದುಪಡಿ ಪ್ರಕಾರ ಅಂಥ ಮದುವೆ ಆದ್ರೂ ಮೊದಲಿಂದಲೇ ಅಸಿಂಧು. ಆ ಮಗು ಕೈಲಿ ಅವಳ ಕತೆನೇ ಊರ ಮುಂದೆ ಹಾಡಿಸಿದ್ರೆ ಅಪ್ಪನಿಗೆ ಕರುಣೆ ಬರೋದಕ್ಕಿಂತ ಮುಂಚೆ ಅವಮಾನ ಆಗುತ್ತೆ, ಆ ಸಿಟ್ಟು ಮನೇಲಿ ಅವಳ ಮೇಲೆ ತೀರುತ್ತೆ, ಮದುವೆ ಇನ್ನೂ ಬೇಗ ಆಗುತ್ತೆ, ಬಹುಶಃ ಆಂಧ್ರ ಕಡೆ ಎಲ್ಲೋ ನೆಂಟರ ಊರಲ್ಲಿ ಗುಟ್ಟಾಗಿ. ಅವಳ ಹೆಸರು, ಗುರುತು ಸಿಗೋ ಯಾವ ಸುಳಿವೂ ಯಾವ ಹಾಡಲ್ಲೂ ಬರಬಾರದು.

ವಾರ್ಷಿಕೋತ್ಸವಕ್ಕೆ ಹಾಡು ಬೇಕೇ ಬೇಕು ಅಂದ್ರೆ ಹುಡುಗಿ ಕಣ್ಣೀರಿನ ಹಾಡು ಬಿಟ್ಟು ಬೇರೆ ಕಡೆಯಿಂದ ಬನ್ನಿ. ಮದುವೆ ಅಂದ್ರೆ ಬರೀ ಅಪ್ಪ ಅಮ್ಮ ಅಲ್ಲ, ಲಗ್ನಪತ್ರಿಕೆ ಪ್ರಿಂಟ್ ಮಾಡೋರು, ಶಾಮಿಯಾನದೋರು, ಅಡುಗೆ ಭಟ್ಟರು, ಓಲಗದೋರು, ಪುರೋಹಿತರು ಎಲ್ಲ ಇರ್ತಾರೆ. ಗೊತ್ತಿದ್ದೂ ನಡೆಸಿಕೊಟ್ಟೋರಿಗೆ, ಪಾಲ್ಗೊಂಡೋರಿಗೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ. ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ವೇಷ ಹಾಕಿ, ಒಬ್ಬೊಬ್ಬರೂ ಬಂದು "ಹುಡುಗಿಗೆ ವಯಸ್ಸೆಷ್ಟು?" ಅಂತ ಹಾಡಲ್ಲೇ ಕೇಳಿ, ಉತ್ತರ ಬರದೇ ಇದ್ದಾಗ ತಮ್ಮ ತಮ್ಮ ಸಾಮಾನು ಎತ್ಕೊಂಡು ವಾಪಸ್ ಹೋಗೋ ಹಂಗೆ ಮಾಡಿಸಿ. ನಿಮ್ಮ ಕಡೆ ಅರ್ಧ ಜನ ಮನೇಲಿ ತೆಲುಗು ಮಾತಾಡ್ತಾರೆ, ಆ ಪ್ರಶ್ನೆ ಎರಡೂ ಭಾಷೇಲಿ ಬರ್ಲಿ. ನಿಮ್ಮೂರಿನ ನಿಜವಾದ ಶಾಮಿಯಾನದೋರನ್ನ, ಓಲಗದೋರನ್ನ ಮುಂದಿನ ಸಾಲಿಗೇ ಕರೆದು ಕೂರಿಸಿ. ಆ ಹುಡುಗಿಗೆ ಈ ಹಾಡಲ್ಲಿ ಯಾವ ಪಾತ್ರನೂ ಬೇಡ, ಅವಳಿಗೆ ಇಷ್ಟ ಆದ್ರೆ ಬೇರೆ ಯಾವುದಾದ್ರೂ ಡ್ಯಾನ್ಸಿಗೆ ಸೇರಿಸಿ. ಫೋನ್ ಮಾಡಿದ ಮೇಲೆ ಏನಾಯ್ತು ಅಂತ ನನಗೆ ಬರೀರಿ, ಅದನ್ನ ಇಲ್ಲಿ ಹಾಕಲ್ಲ.